ಎರಡನೆಯ ವರ್ಷದ ಹುಡುಗರು

ಸಾರು, ಹುಳಿ, ಹಬ್ಬ-ಹರಿದಿನ ಬಿಟ್ಟು ಈ ಸಲ ಇವರಿಗೆ ಐಸ್ ಹಾಕಿಯ ಉಸಾಬರಿ ಏಕೆ ಬಂತು ಎಂದು ನಮ್ಮ ಸಂಘದ ಕೆಲವು ಹಿರಿಯರು ಮೂಗು ಮುರಿಯಬಹುದು. ಕಾರಣವಿದೆ. ನನ್ನ ಅಕ್ಕನ ಮಗಳು ಕೆನಡಾದ ಕ್ಯಾಲ್ಗರಿಯಲ್ಲಿದ್ದಾಳೆ. ಅಕ್ಕನಿಗೆ ಮಂಡಿನೋವು, ಹೀಗಾಗಿ ಅವಳ ಬಾಣಂತನಕ್ಕೆ ನಾನೇ ಹೋಗಿ ಒಂದು ಚಳಿಗಾಲ ಪೂರ್ತಿ ಅಲ್ಲಿದ್ದೆ. ಹೊರಗೆ ಹಿಮ, ಒಳಗೆ ಕೂಸು, ಟಿ.ವಿ.ಯಲ್ಲಿ ಹಾಕಿ. "ಚಿಕ್ಕಮ್ಮ, ಆ ಕಪ್ಪು ಬಿಲ್ಲೆ ಎಲ್ಲಿದೆ ಅಂತ ಹುಡುಕಬೇಡ, ಹುಡುಗರನ್ನ ನೋಡು" ಎಂದಳು ಅವಳು. ಹಾಗೇ ನೋಡುತ್ತಾ ಕೂತೆ. ಆಟಕ್ಕಿಂತ ಆ ಹುಡುಗರ ವಿಷಯವೇ ನನಗೆ ಹಿಡಿಸಿತು. ನಿಮಗೂ ಹಿಡಿಸೀತು ಎಂದುಕೊಂಡಿದ್ದೇನೆ, ಏಕೆಂದರೆ ಅವರು ನಿಮ್ಮ ವಯಸ್ಸಿನವರೇ.

ಅಲ್ಲಿ ಜೂನಿಯರ್ ಹಾಕಿ ಎಂದರೆ ಶಾಲೆಯ ಆಟವಲ್ಲ. 16ರಿಂದ 20 ವಯಸ್ಸಿನವರಿಗೆಂದೇ ಮೇಲ್ದರ್ಜೆಯ ಮೂರು ಲೀಗುಗಳಿವೆ: ಪಶ್ಚಿಮದ್ದೊಂದು, ಆಂಟಾರಿಯೋದ್ದೊಂದು, ಕ್ವಿಬೆಕ್ ಕಡೆಯದೊಂದು. ಎಲ್ಲ ಸೇರಿ ಅರವತ್ತರಷ್ಟು ತಂಡಗಳು. ಪಶ್ಚಿಮದ ಲೀಗಿನಲ್ಲಿ ಒಂದೊಂದು ತಂಡ ಒಂದು ಸೀಸನ್ನಿಗೆ 68 ಪಂದ್ಯ ಆಡುತ್ತದೆ. ಅರ್ಧ ಜೀವನ ಬಸ್ಸಿನಲ್ಲೇ ಕಳೆಯುತ್ತದೆ. ಹೆಚ್ಚಿನ ಹುಡುಗರು ಹೆತ್ತವರನ್ನು ಬಿಟ್ಟು, ಊರಿನ ಯಾವುದೋ ಮನೆಯವರ ಜೊತೆ ಇದ್ದು ಶಾಲೆಗೂ ಹೋಗಿ ಆಡಬೇಕು. ಇಂಥ ಮನೆಗಳನ್ನು 'ಬಿಲೆಟ್' ಎನ್ನುತ್ತಾರೆ. ನಮ್ಮಲ್ಲಿ ಹಿಂದೆ ವಾರಾನ್ನ ಮಾಡಿಕೊಂಡು ಓದುತ್ತಿದ್ದ ಹುಡುಗರಿರಲಿಲ್ಲವೆ, ಅದು ನೆನಪಾಯಿತು. ಇಲ್ಲಿ ವಾರವಿಡೀ ಒಂದೇ ಮನೆ, ಅಷ್ಟೇ ವ್ಯತ್ಯಾಸ.

ಪಕ್ಕದ ಮನೆಯಾಕೆ ಹಿಂದೊಮ್ಮೆ ಬೇರೆ ಊರಿನಲ್ಲಿದ್ದಾಗ ಇಂಥ ಹುಡುಗರನ್ನು ಇಟ್ಟುಕೊಂಡಿದ್ದವರು. ಅವರ ಮಾತು ನನಗೆ ಕೋಚುಗಳ ಮಾತಿಗಿಂತ ಬೆಲೆಯದ್ದು ಎನಿಸಿತು. ಮೊದಲ ವರ್ಷದ ಹುಡುಗ ಫ್ರಿಜ್ ತೆಗೆಯಲೂ ಅಪ್ಪಣೆ ಕೇಳುತ್ತಾನಂತೆ, ರಾತ್ರಿ ಅಮ್ಮನ ನೆನಪಾದರೆ ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅಳುತ್ತಾನಂತೆ. ಎರಡನೆಯ ವರ್ಷ ಬಂದವನಿಗೆ ಮನೆ ಗೊತ್ತು, ಊರು ಗೊತ್ತು, ಕೋಚಿನ ಸಿಟ್ಟೂ ಗೊತ್ತು. ಆಗಲೇ ಅವನ ಮೇಲೆ ಭಾರ ಬೀಳುವುದು. ಅದೇ ಮನೆಗೆ ಹೊಸಬನೊಬ್ಬ ಬಂದಿರುತ್ತಾನೆ. ಬೂಟು ಎಲ್ಲಿ ಬಿಡಬೇಕು, ಪಂದ್ಯದ ದಿನ ಮಧ್ಯಾಹ್ನ ಎಷ್ಟು ಹೊತ್ತು ಮಲಗಬೇಕು, ಮೂರು ಪಂದ್ಯ ಸತತವಾಗಿ ಬೆಂಚಿನಲ್ಲಿ ಕೂರಿಸಿದರೆ ಮುಖ ಹೇಗೆ ಇಟ್ಟುಕೊಳ್ಳಬೇಕು ಎಂದು ಹೇಳಿಕೊಡಬೇಕಾದವನು ಇವನೇ.

ತಮಾಷೆಯೆಂದರೆ, ಆ ಹೊಸಬ ಬಂದಿರುವುದೇ ಇವನ ಜಾಗಕ್ಕೆ ಕಣ್ಣಿಟ್ಟು. ಹೋದ ವರ್ಷ ಆಡಿದ್ದೇನೆ ಎಂದ ಮಾತ್ರಕ್ಕೆ ಈ ವರ್ಷದ ಜಾಗ ಖಾತ್ರಿಯಿಲ್ಲ. ಬೇಸಿಗೆಯ ಕೊನೆಗೆ ಕ್ಯಾಂಪು ನಡೆಯುತ್ತದೆ. ಅಲ್ಲಿ ಓಡಿಸಿ, ಭಾರ ಎತ್ತಿಸಿ, ಸ್ಕೇಟ್ ಮಾಡಿಸಿ ನೋಡುತ್ತಾರೆ. ಹೊಸಬ ಸ್ವಲ್ಪ ಏದುಸಿರು ಬಿಟ್ಟರೆ ಮಗು, ಕಲಿಯುತ್ತಾನೆ ಎನ್ನುತ್ತಾರೆ. ಹಳಬ ಏದುಸಿರು ಬಿಟ್ಟರೆ ರಜೆಯಲ್ಲಿ ಮೈಗಳ್ಳತನ ಮಾಡಿದ ಎನ್ನುತ್ತಾರೆ. ಆಟದಲ್ಲೂ ಹಾಗೇ. ತಂಡದವನೊಬ್ಬ ತಪ್ಪು ಮಾಡಿ ಎರಡು ನಿಮಿಷ ಹೊರಗೆ ಕೂತರೆ ಉಳಿದ ನಾಲ್ವರು ಐವರನ್ನು ತಡೆಯಬೇಕು, ವೇಗವಾಗಿ ಬರುವ ಬಿಲ್ಲೆಗೆ ಮೈಯೊಡ್ಡಬೇಕು. ಪೇಪರಿನಲ್ಲಿ ಹೆಸರು ಬರದ ಈ ಕೆಲಸ ಹಳಬರ ಪಾಲಿಗೇ ಹೆಚ್ಚು ಬರುತ್ತದೆ.

ಇದು ಸರಿಯೆ? ನನಗಂತೂ ಸರಿಯೆನಿಸುತ್ತದೆ. ನಮ್ಮ ರಾಜ್ಯೋತ್ಸವದ ನಾಟಕವನ್ನೇ ನೋಡಿ. ಹೋದ ವರ್ಷ ದೊಡ್ಡ ಪಾರ್ಟು ಮಾಡಿದವರು ಈ ವರ್ಷ ರಿಹರ್ಸಲ್ಲಿಗೆ ಎಷ್ಟು ಗಂಟೆಗೆ ಬರುತ್ತಾರೆ? (ಯಾರೆಂದು ಹೇಳುವುದಿಲ್ಲ, ಅವರಿಗೇ ಗೊತ್ತು.)

ಹಳಬರಿಂದ ಏನು ನಿರೀಕ್ಷಿಸಬಹುದು ಎನ್ನುವುದಕ್ಕೆ ಅಕ್ಕನ ಮಗಳ ಗಂಡ ಒಂದು ಕಥೆ ಹೇಳಿದ. ಅಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಪ್ರತಿವರ್ಷ ಕ್ರಿಸ್ಮಸ್ಸಿನ ಮರುದಿನದ ಹೊತ್ತಿಗೆ 20ರೊಳಗಿನವರ ವಿಶ್ವ ಚಾಂಪಿಯನ್‌ಶಿಪ್ ಶುರುವಾಗುತ್ತದೆ. ಕೆನಡಾದವರಿಗೆ ಅದು ನಮ್ಮ ಭಾರತ-ಪಾಕಿಸ್ತಾನ ಕ್ರಿಕೆಟ್ಟಿನಷ್ಟು ಜ್ವರ. 1997ರ ನಂತರ ಅವರಿಗೆ ಚಿನ್ನ ಸಿಕ್ಕಿರಲಿಲ್ಲ. 2004ರ ಜನವರಿಯಲ್ಲಿ ಹೆಲ್ಸಿಂಕಿಯಲ್ಲಿ ಅಮೆರಿಕದ ವಿರುದ್ಧ ಫೈನಲ್. ಎರಡು ಭಾಗದ ಆಟ ಮುಗಿದಾಗ ಕೆನಡಾ 3-1ರಿಂದ ಮುಂದಿತ್ತು. ಕೊನೆಯ ಭಾಗದಲ್ಲಿ ಅಮೆರಿಕ ಸಮ ಮಾಡಿತು. ಆಟ ಮುಗಿಯಲು ಇನ್ನು ಐದು ನಿಮಿಷವಿದೆ ಎನ್ನುವಾಗ ಗೋಲಿ ಮಾರ್ಕ್-ಆಂದ್ರೆ ಫ್ಲ್ಯೂರಿ ಬಿಲ್ಲೆಯನ್ನು ದೂರ ತಳ್ಳಲು ಹೋದ. ಅದು ತನ್ನದೇ ತಂಡದ ಬ್ರೇಡನ್ ಕೋಬರ್ನ್‌ಗೆ ಬಡಿದು ವಾಪಸು ಬಂದು ತಮ್ಮದೇ ಗೋಲಿನೊಳಗೆ ಹೋಯಿತು. 4-3. ಇಡೀ ದೇಶ ನೋಡುತ್ತಿತ್ತು. ಆ ಹುಡುಗರಿಗೆ ಆಗ ಹದಿನೆಂಟು, ಹತ್ತೊಂಬತ್ತು.

ಮುಂದಿನ ವರ್ಷ ಅಮೆರಿಕದ ಗ್ರ್ಯಾಂಡ್ ಫೋರ್ಕ್ಸಿನಲ್ಲಿ ಪಂದ್ಯಾವಳಿ. ಸಾಮಾನ್ಯವಾಗಿ ಈ ತಂಡಕ್ಕೆ ಹಿಂದಿನ ವರ್ಷದ ಕೆಲವೇ ಜನ ವಾಪಸಾಗುತ್ತಾರೆ, ಉಳಿದವರ ವಯಸ್ಸು ಮೀರಿರುತ್ತದೆ. ಆ ಸಲ ಹನ್ನೆರಡು ಜನ ಬಂದರು. ಕೋಬರ್ನ್ ಕೂಡ ಬಂದ. ಸೋತ ಕೋಣೆಯಲ್ಲಿ ಒಟ್ಟಿಗೆ ಕೂತಿದ್ದ ಹನ್ನೆರಡು ಜನ! ಆ ವರ್ಷ ದೊಡ್ಡವರ ಎನ್.ಎಚ್.ಎಲ್. ಲೀಗು ಮಾಲೀಕರ ಮತ್ತು ಆಟಗಾರರ ಜಗಳದಿಂದ ಪೂರ್ತಿ ನಿಂತುಹೋಗಿತ್ತು. ಹಾಗಾಗಿ ಬಾಸ್ಟನ್ನಿನ ದೊಡ್ಡವರ ತಂಡದಲ್ಲಿ ಆಗಲೇ ಒಂದು ವರ್ಷ ಆಡಿದ್ದ ಪ್ಯಾಟ್ರಿಸ್ ಬರ್ಜರಾನ್ ಕೂಡ ಈ ಜೂನಿಯರ್ ತಂಡಕ್ಕೆ ಸಿಕ್ಕ. ಅವನು ಹಿಂದಿನ ವರ್ಷದ ಹನ್ನೆರಡರಲ್ಲಿ ಒಬ್ಬನಲ್ಲ. ಆದರೂ ಎಲ್ಲರಿಗಿಂತ ಹೆಚ್ಚು ಪಾಯಿಂಟು ಮಾಡಿ, ಪಂದ್ಯಾವಳಿಯ ಶ್ರೇಷ್ಠ ಆಟಗಾರ ಎನಿಸಿಕೊಂಡವನು ಅವನೇ. ಹಿಂದಿನ ವರ್ಷ ಅತ್ತವರು ಈ ವರ್ಷ ಹೊಗಳಿಕೆಯನ್ನು ಇನ್ನೊಬ್ಬನಿಗೆ ಬಿಟ್ಟುಕೊಡಬೇಕಾಯಿತು ನೋಡಿ. ಹಳಬನೇ ಆದ ಮೈಕ್ ರಿಚರ್ಡ್ಸ್ ನಾಯಕ, ಹದಿನೇಳರ ಸಿಡ್ನಿ ಕ್ರಾಸ್ಬಿ ಅವರ ನಡುವೆ ಕಿರಿಯ. ಆರು ಪಂದ್ಯಗಳಲ್ಲಿ 41 ಗೋಲು ಹೊಡೆದು 7 ಮಾತ್ರ ಬಿಟ್ಟುಕೊಟ್ಟರು. ಫೈನಲ್‌ನಲ್ಲಿ ರಷ್ಯಾವನ್ನು 6-1ರಿಂದ ಸೋಲಿಸಿದರು.

ಫ್ಲ್ಯೂರಿಗೆ ಮಾತ್ರ ವಾಪಸು ಬರುವ ಅವಕಾಶವಿರಲಿಲ್ಲ, ವಯಸ್ಸು ಮೀರಿತ್ತು. ಪಾಪ ಎನಿಸಿತು ನನಗೆ. ಆದರೆ ಅವನೇ 2009ರಲ್ಲಿ ದೊಡ್ಡವರ ಸ್ಟ್ಯಾನ್ಲಿ ಕಪ್ಪಿನ ಏಳನೆಯ ಪಂದ್ಯದಲ್ಲಿ, ಕೊನೆಯ ಕ್ಷಣದಲ್ಲಿ ಅಡ್ಡ ಹಾರಿ ಗೋಲು ತಡೆದು ಪಿಟ್ಸ್‌ಬರ್ಗಿಗೆ ಕಪ್ ಉಳಿಸಿದನಂತೆ.

ಒಬ್ಬನೇ ಹಳಬನ ಮೇಲೆ ಎಲ್ಲವನ್ನೂ ಹೇರಿದರೂ ಆಗುವುದಿಲ್ಲ. ರಿಜೈನಾ ತಂಡದ ಕಾನರ್ ಬೆಡಾರ್ಡ್ 2021-22ರಲ್ಲಿ 100 ಪಾಯಿಂಟು ಮಾಡಿದ್ದ ಹುಡುಗ. ಮರುವರ್ಷ ಇನ್ನೇನು ಮಾಡಿಯಾನು ಎಂದು ಎಲ್ಲರೂ ಕಾದರೆ 57 ಪಂದ್ಯಗಳಲ್ಲಿ 143 ಮಾಡಿದ. ಅಷ್ಟು ಮಾಡಿಯೂ ಅವನ ತಂಡ ಪ್ಲೇ-ಆಫಿನ ಮೊದಲ ಸುತ್ತಿನಲ್ಲೇ, ಏಳನೆಯ ಪಂದ್ಯದಲ್ಲಿ ಸೋತು ಮನೆಗೆ ಹೋಯಿತು.

ಇನ್ನು ನನಗೆ ಹಿಡಿಸದ ಸಂಗತಿ. ಹೊಸಬರು ಬಸ್ಸಿಗೆ ಸಾಮಾನು ಹೊರುವುದು, ಅಭ್ಯಾಸ ಮುಗಿದ ಮೇಲೆ ಬಿಲ್ಲೆಗಳನ್ನು ಆರಿಸುವುದು ಅಲ್ಲಿಯ ವಾಡಿಕೆ. ಇಷ್ಟಕ್ಕೆ ನನ್ನ ತಕರಾರಿಲ್ಲ. ಆದರೆ ಹಳಬರು ಎನ್ನುವ ಹಕ್ಕನ್ನೇ ಹಿಡಿದು ಹೊಸಬರನ್ನು ಗೋಳು ಹೊಯ್ದುಕೊಂಡ ಕಥೆಗಳೂ ಕಡಿಮೆಯಿಲ್ಲ. 2005ರಲ್ಲಿ ಆಂಟಾರಿಯೋ ಲೀಗಿನ ವಿಂಡ್ಸರ್ ತಂಡದಲ್ಲಿ ಹೀಗೆ ನಡೆದದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಬಸ್ಸಿನ ಬಚ್ಚಲಿನಲ್ಲಿ ಹೊಸಬರನ್ನು ಬಟ್ಟೆ ಬಿಚ್ಚಿಸಿ ತುರುಕಿದ್ದರು. ಲೀಗು ಕೋಚನ್ನು ಅಮಾನತು ಮಾಡಿತು, ತಂಡಕ್ಕೆ ದಂಡ ಹಾಕಿತು. "ನಮಗೂ ಹೀಗೇ ಮಾಡಿದ್ದರು" ಎನ್ನುವ ಸಮಜಾಯಿಷಿ ಇಲ್ಲಿಯ ಹಾಸ್ಟೆಲುಗಳಲ್ಲೂ ನೀವು ಕೇಳಿರುತ್ತೀರಿ. ನನ್ನ ಅತ್ತೆ ನನ್ನನ್ನು ಗೋಳಾಡಿಸಿದರು ಎಂದು ನಾನು ಸೊಸೆಯನ್ನು ಗೋಳಾಡಿಸಲು ಹೊರಟರೆ ನೀವು ಒಪ್ಪುತ್ತೀರಾ?

ತಂಡ ಹಳಬನಿಂದ ಇಷ್ಟೆಲ್ಲ ಕೇಳುತ್ತದಲ್ಲ, ಹಳಬನಿಗೆ ಅದು ಏನು ಕೊಡುತ್ತದೆ ಎಂದೂ ಕೇಳಬೇಕು. ಈ ಲೀಗುಗಳಲ್ಲಿ 20ರ ವಯಸ್ಸಿನವರನ್ನು ಒಂದು ತಂಡ ಮೂವರನ್ನು ಮಾತ್ರ ಆಡಿಸಬಹುದು. ಸೀಸನ್ನು ಶುರುವಾಗುವಾಗ ನಾಲ್ಕೈದು ಜನರಿದ್ದರೆ ಕೆಲವು ವಾರಗಳಲ್ಲಿ ಮೂವರಿಗೆ ಇಳಿಸಬೇಕು. ನಾಲ್ಕನೆಯವನು ನಾಲ್ಕು ವರ್ಷ ಅದೇ ಊರಿನಲ್ಲಿ ಇದ್ದು, ಅದೇ ಮನೆಯ ಊಟ ಉಂಡು, ಹೊಸಬರಿಗೆಲ್ಲ ದಾರಿ ತೋರಿಸಿದವನಾಗಿರಬಹುದು. ಒಂದು ಬೆಳಿಗ್ಗೆ ಕರೆದು ಇನ್ನೊಂದು ತಂಡಕ್ಕೆ ಕೊಟ್ಟಿದ್ದೇವೆ ಎನ್ನುತ್ತಾರೆ. ಯಾವ ತಂಡವೂ ಕೇಳದಿದ್ದರೆ ಅಷ್ಟೂ ಇಲ್ಲ. ಪಕ್ಕದ ಮನೆಯಾಕೆ ಇಂಥ ಒಬ್ಬನ ಸಾಮಾನು ಕಟ್ಟಿಕೊಟ್ಟವರು. ಆಕೆ ಇದರ ಬಗ್ಗೆ ಹೆಚ್ಚು ಮಾತಾಡಲಿಲ್ಲ.

ಪಶ್ಚಿಮದ ಲೀಗಿನಲ್ಲಿ ಒಂದು ಒಳ್ಳೆಯ ಏರ್ಪಾಡಿದೆ. ಆಡಿದ ಪ್ರತಿ ಸೀಸನ್ನಿಗೂ ಒಂದು ವರ್ಷದ ಕಾಲೇಜು ಫೀಸು ಮತ್ತು ಪುಸ್ತಕದ ಖರ್ಚನ್ನು ಕೊಡುತ್ತಾರೆ. ಹೀಗಾಗಿ ವಾಪಸು ಬಂದ ಒಂದೊಂದು ವರ್ಷವೂ ಹುಡುಗನ ಲೆಕ್ಕದಲ್ಲಿ ಜಮೆಯಾಗಿರುತ್ತದೆ. ಕೆನಡಾದ ವಿಶ್ವವಿದ್ಯಾಲಯಗಳ ಹಾಕಿ ತಂಡಗಳಲ್ಲಿ ಇಂಥ ಹುಡುಗರು ಬಹಳ ಜನ ಇದ್ದಾರೆ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅಲ್ಲಿಗೆ ಹೋದಾಗ ಅವರು ಮತ್ತೆ ಮೊದಲ ವರ್ಷದವರು. ಲಾಕರು ಎಲ್ಲಿದೆ ಎಂದು ಇನ್ನೊಬ್ಬನನ್ನು ಕೇಳಿಯೇ ತಿಳಿದುಕೊಳ್ಳಬೇಕು.