ಲಿವರ್ ಕಸಿ: ಆಪರೇಷನ್ ನಂತರದ ಖರ್ಚನ್ನೂ ಹಂಚಿಕೊಳ್ಳೋಣ

ಗೋಕಾಕ, ಮೂಡಲಗಿ, ಹುಕ್ಕೇರಿಯ ಯಾವುದೇ ಮನೆಯಲ್ಲಿ ಲಿವರ್ ಕಸಿ ಮಾಡಿಸಬೇಕಾಗಿ ಬಂದರೆ ಜಮಾಅತ್ ಸುಮ್ಮನೆ ಕೂರುವುದಿಲ್ಲ. ಬಂಧುಗಳು, ನೆರೆಹೊರೆಯವರು ಸೇರಿ ಲಕ್ಷಗಟ್ಟಲೆ ಹಣ ಹೊಂದಿಸುತ್ತಾರೆ. ರೋಗಿ ಮನೆಗೆ ಮರಳಿದ ಮೇಲೆ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ನಿಜವಾದ ಪರೀಕ್ಷೆ ಆರಂಭವಾಗುವುದು ಆಗಲೇ.

ಕಸಿಯ ಫಲ ಇಂದು ಚೆನ್ನಾಗಿದೆ. ಒಳ್ಳೆಯ ಕೇಂದ್ರಗಳಲ್ಲಿ ನೂರಕ್ಕೆ ಸುಮಾರು 85ರಿಂದ 90 ಮಂದಿ ಮೊದಲ ವರ್ಷ ದಾಟುತ್ತಾರೆ. 70ಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ. 1998ರಲ್ಲಿ ದಿಲ್ಲಿಯ ಅಪೋಲೋ ಆಸ್ಪತ್ರೆಯಲ್ಲಿ ತಂದೆಯ ಲಿವರಿನ ಭಾಗ ಪಡೆದ ಸಂಜಯ್ ಕಂದಸಾಮಿ ಆಗ ಎರಡು ವರ್ಷವೂ ತುಂಬದ ಮಗು. ಇಂದು ಅವರು ಸ್ವತಃ ವೈದ್ಯರು.

ಆದರೆ ಹೊಸ ಲಿವರನ್ನು ದೇಹ ಪರಕೀಯವೆಂದೇ ನೋಡುತ್ತದೆ. ಅದರ ದಾಳಿ ತಡೆಯಲು ಟ್ಯಾಕ್ರೋಲಿಮಸ್‌ನಂತಹ ಮಾತ್ರೆ ಬೇಕು, ಬಹುತೇಕರಿಗೆ ಜೀವನಪೂರ್ತಿ. ಈ ಮಾತ್ರೆ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವುದರಿಂದ ಸೋಂಕು ಬೇಗ ತಗಲುತ್ತದೆ. ವರ್ಷಗಳು ಕಳೆದಂತೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕಿಡ್ನಿ ದುರ್ಬಲತೆ ಕಾಣಿಸಿಕೊಳ್ಳಬಹುದು. ಕೆಲವು ಕ್ಯಾನ್ಸರ್‌ಗಳ ಅಪಾಯವೂ ಹೆಚ್ಚುತ್ತದೆ. ಪಿತ್ತನಾಳ ಕಿರಿದಾಗಿ ಕಾಮಾಲೆ ಮರಳುವುದೂ ಉಂಟು. ಇವುಗಳಲ್ಲಿ ಹಲವನ್ನು ರಕ್ತಪರೀಕ್ಷೆಯಿಂದ ಬೇಗನೆ ಪತ್ತೆಹಚ್ಚಬಹುದು.

ಇಲ್ಲೇ ನಾವು ಎಡವುತ್ತೇವೆ. "ಈಗ ಆರಾಮಾಗಿದ್ದೇನೆ, ಮಾತ್ರೆ ಏಕೆ?" ಎಂಬ ಯೋಚನೆ ಅಪಾಯಕಾರಿ. ಹಣವಿಲ್ಲವೆಂದು ಮಾತ್ರೆ ಅರ್ಧ ಮಾಡುವುದೂ ಅಷ್ಟೇ ಅಪಾಯಕಾರಿ. ಮೈಕೈ ನೋವಿಗೆ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿದರೆ ಕಿಡ್ನಿಗೆ ಪೆಟ್ಟು. ಯಾರೋ ಹೇಳಿದರೆಂದು ನಾಟಿ ಔಷಧಿ ಬೇಡ. ಚಕ್ಕೋತ ಹಣ್ಣು ರಕ್ತದಲ್ಲಿ ಟ್ಯಾಕ್ರೋಲಿಮಸ್ ಪ್ರಮಾಣವನ್ನು ಏರಿಸಬಲ್ಲದು. ನೋಡಲು ಬಂದವರು ಪ್ರೀತಿಯಿಂದ ತರುವ ಕರದಂಟನ್ನೂ ಸಕ್ಕರೆ ಪ್ರಮಾಣ ನೋಡಿಕೊಂಡೇ ತಿನ್ನಬೇಕು.

ರಮಝಾನಿನಲ್ಲಿ ಇನ್ನಷ್ಟು ಎಚ್ಚರ ಬೇಕು. ದಿನಕ್ಕೆರಡು ಬಾರಿಯ ಮಾತ್ರೆಗೆ ಹನ್ನೆರಡು ಗಂಟೆಗಳ ಅಂತರವಿರಬೇಕು. ಸಹರಿಗೂ ಇಫ್ತಾರಿಗೂ ಅದನ್ನು ತಾವೇ ಹೊಂದಿಸಿಕೊಳ್ಳಬಾರದು. ಬೇಸಿಗೆಯಲ್ಲಿ ನೀರಿಲ್ಲದೆ ಕಿಡ್ನಿಯೂ ಬಳಲುತ್ತದೆ. ರೋಗಿಗಳಿಗೆ ಕುರ್‌ಆನ್ ಕೊಟ್ಟಿರುವ ರಿಯಾಯಿತಿಯನ್ನು ಬಳಸಿಕೊಳ್ಳಲು ಸಂಕೋಚವೇಕೆ? ಕಸಿ ತಜ್ಞರನ್ನು ಕೇಳಿಯೇ ನಿರ್ಧರಿಸಬೇಕು.

ಬೆಂಗಳೂರು ಇಲ್ಲಿಂದ ಐನೂರು ಕಿಲೋಮೀಟರಿಗೂ ಹೆಚ್ಚು ದೂರ. ಪ್ರತಿ ತಪಾಸಣೆಗೂ ಬಸ್ ಖರ್ಚು, ಒಂದೆರಡು ದಿನದ ಕೂಲಿ ನಷ್ಟ. ಆದ್ದರಿಂದ ನನ್ನ ವಿನಂತಿ ಇಷ್ಟೆ: ಆಪರೇಷನ್‌ಗೆ ಹಣ ಕೂಡಿಸುವಾಗಲೇ ಮುಂದಿನ ವರ್ಷಗಳ ಮಾತ್ರೆ, ಪರೀಕ್ಷೆ ಮತ್ತು ಪ್ರಯಾಣಕ್ಕೂ ಒಂದು ಪಾಲು ತೆಗೆದಿಡೋಣ. ಅರ್ಹರಿಗೆ ಝಕಾತ್ ನಿಧಿಯಿಂದ ಪ್ರತಿ ತಿಂಗಳು ಔಷಧಿ ತಲುಪಲಿ. ರೋಗಿಯ ಜ್ವರ, ಕಾಮಾಲೆ, ಬಿಟ್ಟುಹೋದ ಮಾತ್ರೆ ಇವನ್ನೆಲ್ಲ ಗಮನಿಸಿ ಕೂಡಲೇ ಕಸಿ ಕೇಂದ್ರಕ್ಕೆ ಫೋನ್ ಮಾಡುವ ಒಬ್ಬರು ಮನೆಯಲ್ಲಿರಲಿ. ಯಾರೋ ದಾನ ಮಾಡಿದ ಅಂಗ ಅದು. ಕೆಲವು ಮಾತ್ರೆಗಳ ಕೊರತೆಯಿಂದ ಅದು ಕೆಡುವಂತಾಗಬಾರದು.