ಇತಿಹಾಸ ಓದಿದ್ರೆ ಏನ್ ಸಿಗ್ತದೆ?



"ಅಣ್ಣಾ, ಇತಿಹಾಸ ಓದಿದ್ರೆ ಕೆಲಸ ಸಿಗ್ತದಾ?" ಅಂತ ಬಳ್ಳಾರಿ, ಕುರುಗೋಡಿನ ನಮ್ಮ ಹುಡುಗ್ರು ಕೇಳ್ತಾರೆ. ಮೊದಲು ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳದ ಬಂಡೆ ನೋಡಿ ಬನ್ನಿ. ಸುಮಾರು 2,200 ವರ್ಷ ಹಿಂದಿನ ಶಾಸನ, ಅಶೋಕನ ಹೆಸರು ಸಮೇತ ಐತಿ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಶ್ರಮಪಟ್ಟರೆ ಮೇಲೇರಬಹುದು ಅನ್ನೋದು ಅದರ ಸಾರ. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ಧಮ್ಮ ಸ್ವೀಕರಿಸಿದ್ದು ಅಶೋಕ ವಿಜಯದಶಮಿಯ ದಿನವೇ. ಇತಿಹಾಸ ಓದಿದವರಿಗಷ್ಟೇ ಅಂಥ ದಿನ ಕಾಣ್ತದೆ.

ಇನ್ನು ಹೊಟ್ಟೆಪಾಡಿನ ಮಾತು. ನಮ್ಮ ತಾತಂದಿರಿಗೆ ಸರ್ಕಾರ ಕೊಟ್ಟ ಜಮೀನು ಪರಭಾರೆಯಾಗಿದ್ರೆ ವಾಪಸ್ ಕೊಡಿಸೋಕೆ 1978ರ ಪಿಟಿಸಿಎಲ್ ಕಾಯ್ದೆ ಇದೆ. ಆದರೆ ಅದು ಮಂಜೂರಾದ ಜಮೀನು ಅಂತ ತೋರಿಸಬೇಕಲ್ಲ? ಯಾವ ವರ್ಷ, ಯಾವ ಸರ್ವೆ ನಂಬರ್, ಯಾರ ಹೆಸರು? 1953ರ ಅಕ್ಟೋಬರ್ 1ಕ್ಕೆ ಮೈಸೂರಿಗೆ ಸೇರೋ ತನಕ ಬಳ್ಳಾರಿ ಮದ್ರಾಸಿನಲ್ಲಿತ್ತು. ಅಷ್ಟೂ ಗೊತ್ತಿಲ್ಲದವರು ಅದಕ್ಕೂ ಹಿಂದಿನ ಕಾಗದ ಎಲ್ಲಿ ಹುಡುಕ್ತಾರೆ? ನಾನೂ ಗುಮಾಸ್ತ, ಬರಿಗೈಲಿ ಬಂದವರಿಗೆ "ನಾಳೆ ಬಾ" ಅನ್ನೋದು ಎಷ್ಟು ಸುಲಭ ಅಂತ ಬಲ್ಲೆ.

ಏಪ್ರಿಲ್ 14ಕ್ಕೆ ಫ್ಲೆಕ್ಸ್ ಹಾಕೋಣ, ಬೇಡ ಅನ್ನಲ್ಲ. ಜೊತೆಗೆ ಮನೆಯ ಹಿರಿಯರ ಮಾತು ಬರೆದಿಡಿ, ಟ್ರಂಕಿನಲ್ಲಿರೋ ಕಾಗದ ಓದಿ. ನಮ್ಮ ಇತಿಹಾಸ ನಾವು ಬರೀದಿದ್ರೆ, ಜಮೀನು ಬರೆಸ್ಕೊಂಡವರೇ ಅದನ್ನೂ ಬರೀತಾರೆ.