ದನಿಗೆ ತಕ್ಕ ತಬಲಾ



ಹಳೆಯ ಸಾಮಾನನ್ನು ಬಿಡುವುದೆಂದರೆ ನಮ್ಮಂಥವರಿಗೆ ಕರುಳು ಕಿತ್ತು ಬಂದಂತಾಗುತ್ತದೆ, ಅಲ್ಲವೇ? ತೂತು ಬಿದ್ದ ಹಂಡೆಯನ್ನೂ ‘ಇರಲಿ ಬಿಡು’ ಎಂದು ಅಟ್ಟಕ್ಕೇರಿಸುವವರು ನಾವು. ಹಾಗಿರುವಾಗ ಮೂವತ್ತು ವರ್ಷ ಪಡಸಾಲೆಯಲ್ಲಿ ನುಡಿದ ತಬಲಾ ಬಿರುಕು ಬಿಟ್ಟರೆ?

ಕೊಟ್ಟೂರಿನ ನಮ್ಮ ಓಣಿಯ ಹೆಂಗಸರು ಸೋಮವಾರ ಸಂಜೆ ಭಜನೆಗೆ ಕೂಡುತ್ತೇವೆ. ಮಾವನವರ ಕಾಲದಲ್ಲಿ ಗಂಡಸರು ನಡೆಸುತ್ತಿದ್ದ ಭಜನೆ ಅದು. ಅವರು ಹೋದ ಮೇಲೆ ನಾವು ಕೈಗೆತ್ತಿಕೊಂಡೆವು. ಪೇಟಿ ಅದೇ, ತಾಳ ಅದೇ, ತಬಲಾ-ಡಗ್ಗಾ ಅದೇ. ಹೋದ ಬೇಸಿಗೆಯಲ್ಲಿ ತಬಲಾದ ಮರ ಸೀಳಿತು. ‘ಹೊಸಾದು ತರೋಣ’ ಎಂದೆ. ಅತ್ತೆಯವರ ಮುಖ ಬಾಡಿತು. “ಅದನ್ನ ನಿಮ್ಮ ಮಾವ ತಂದಿದ್ದು. ಅದು ಹೋದ್ರೆ ಭಜನಿನೂ ಹೋತು ಅಂತ ತಿಳಕೋ” ಎಂದುಬಿಟ್ಟರು.

ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಮಾಸ್ತರರೊಬ್ಬರನ್ನು ಕರೆಸಿದೆವು. ಅವರಿಗೆ ಕಣ್ಣಿಲ್ಲ, ಬೆರಳೇ ಕಣ್ಣು. ಡಗ್ಗಾದ ಮೈಮೇಲೆಲ್ಲ ಕೈಯಾಡಿಸಿ, “ತಾಮ್ರ ಗಟ್ಟಿ ಐತಿ. ಮುಚ್ಚಿಗೆ ಬದಲಿಸಿದ್ರ ಇನ್ನೂ ಮೂವತ್ತು ವರ್ಷ ಬರ್ತೈತಿ. ತಬಲಾದ ಮರ ಮಾತ್ರ ಹೋತ್ರಿ” ಎಂದರು. ಆಮೇಲೆ ನಮಗೆ ಹಾಡಲು ಹೇಳಿದರು. ನುಡಿ ಮೇಲೇರಿದಲ್ಲಿ ಎಂದಿನಂತೆ ಎಲ್ಲರ ಗಂಟಲೂ ಹಿಡಿಯಿತು. ಅತ್ತೆಯವರಂತೂ ಎಷ್ಟೋ ವರ್ಷದಿಂದ ಬರೀ ತಾಳ ಹಾಕುತ್ತಾರೆ. ‘ದನಿ ಹೋತು, ವಯಸ್ಸಾತು’ ಎಂಬುದು ಅವರ ಮಾತು.

“ವಯಸ್ಸಲ್ರೀ ಅವ್ವಾರೆ, ಶ್ರುತಿ. ಇದು ಪೇಟಿಯ ಕಪ್ಪು ಒಂದಕ್ಕ ಕೂಡಿಸಿದ ಗಂಡಸರ ತಬಲಾ. ಹೆಣ್ಣುದನಿಗೆ ಅಷ್ಟು ಎತ್ತರ ಯಾಕ ಬೇಕು?” ಎಂದರು ಮಾಸ್ತರರು. ಧಾರವಾಡದಲ್ಲಿ 1913ರಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರ ಮಾತು ತೆಗೆದರು. ಅವರ ದನಿ ಗಂಡುದನಿಯಂತೆ ದಪ್ಪವಾದರೂ ಆ ತಾಯಿ ಅದನ್ನು ಮುಚ್ಚಿಡಲಿಲ್ಲ, ದನಿಗೆ ಹೊಂದುವ ಶ್ರುತಿಯಲ್ಲೇ ಹಾಡಿ ದೇಶವನ್ನೇ ಗೆದ್ದರು.

ನೋಡಿ, ಇಷ್ಟು ವರ್ಷ ವಾದ್ಯಕ್ಕೆ ತಕ್ಕಂತೆ ನಾವು ಗಂಟಲು ಹರಿದುಕೊಂಡಿದ್ದೆವು. ಗಂಟಲಿಗೆ ತಕ್ಕ ವಾದ್ಯ ಇರಬಹುದೆಂದು ಒಬ್ಬರಿಗೂ ಹೊಳೆದಿರಲಿಲ್ಲ!

ಹರಪನಹಳ್ಳಿಯ ಹಾದಿ ಹಿಡಿದು ದಾವಣಗೆರೆಗೆ ಹೋದೆವು. ಅತ್ತೆಯವರೂ ಬಂದರು, ಮುಖ ಬಿಗಿದುಕೊಂಡೇ. ಅಲ್ಲಿ ಕಲಿತದ್ದನ್ನು ನಿಮಗೂ ಹೇಳುತ್ತೇನೆ.

ತಬಲಾದ ಬಾಯಿ ಅಗಲವಾದಷ್ಟೂ ದನಿ ತಗ್ಗು, ಕಿರಿದಾದಷ್ಟೂ ಎತ್ತರ. ಕಪ್ಪು ಒಂದಕ್ಕೆ ಸುಮಾರು 5.5 ಇಂಚಿನ ಬಾಯಿ ಸಾಕು. ನಮ್ಮ ದನಿಗೆ ಕೂಡಿಬಂದ ಕಪ್ಪು ಐದಕ್ಕೆ 6 ಇಂಚಿನ ಹತ್ತಿರ ಬೇಕಾಯಿತು. ಒಂದೇ ತಬಲಾವನ್ನು ಗಟ್ಟಿ ಬಡಿದು ಬೇಕಾದಷ್ಟು ಏರಿಸುತ್ತೇನೆಂದರೆ ಮುಚ್ಚಿಗೆ ಹರಿದೀತು. ಆದ್ದರಿಂದ ಅಂಗಡಿಗೆ ಹೋಗುವ ಮೊದಲೇ ನಿಮ್ಮ ಶ್ರುತಿ ತಿಳಿದಿರಲಿ.

ಮರ ಒಣಗಿ ಗಟ್ಟಿಯಾಗಿರಬೇಕು. ಬೀಟೆಯ ಜಾತಿಯ ಸೀಸಂ ಒಳ್ಳೆಯದು, ಬೇವೂ ಬಾಳುತ್ತದೆ. ಕೈಗೆ ಭಾರ ಎನಿಸಬೇಕು, ಆದರೆ ಒಳಗೆ ಬೇರೇನಾದರೂ ತುಂಬಿ ತೂಕ ಹೆಚ್ಚಿಸಿಲ್ಲ ತಾನೇ ಎಂದು ಕೇಳಲು ಸಂಕೋಚ ಬೇಡ. ಅಂಚಿನ ಸುತ್ತ ಬೆರಳಿನಿಂದ ನುಡಿಸಿದರೆ ಎಲ್ಲ ಕಡೆಯೂ ಒಂದೇ ಸ್ವರ ಬರಬೇಕು. ನಡುವಿನ ಕಪ್ಪು ಕರಣೆ ಎಲ್ಲೂ ಉದುರಿರಬಾರದು. ತಾಮ್ರದ ಡಗ್ಗಾ ಚೆನ್ನಾಗಿದ್ದರೆ ಮುಚ್ಚಿಗೆ ಮಾತ್ರ ಹಾಕಿಸಿ, ಹಣವೂ ಉಳಿಯಿತು, ನೆನಪೂ ಉಳಿಯಿತು. ಮನೆಗೆ ತಂದ ಮೇಲೆ ಒಲೆಯ ಬಳಿ ಇಡಬೇಡಿ, ಮಳೆಗಾಲದಲ್ಲಿ ಥಂಡಿ ನೆಲದ ಮೇಲೂ ಬೇಡ. ಸಿಂಬೆಯ ಮೇಲಿಟ್ಟು ದಪ್ಪ ಬಟ್ಟೆ ಹೊದಿಸಿ. ಒದ್ದೆ ಕೈ ತಾಗಿಸಬೇಡಿ.

ಅಂಗಡಿಯಲ್ಲಿ ಮಾಸ್ತರರು ಒಂದೊಂದೇ ನುಡಿಸುತ್ತಿದ್ದರು. ನಾಲ್ಕನೆಯದು ‘ನಾ’ ಎಂದಾಗ ಮೂಲೆಯ ಸ್ಟೂಲಿನಿಂದ ಸಣ್ಣಗೆ ಒಂದು ಆಲಾಪ ಬಂತು. ತಿರುಗಿ ನೋಡಿದರೆ ಅತ್ತೆಯವರು! ಮೇಲೇರಿ, ಎಲ್ಲೂ ಒಡೆಯದೆ ಇಳಿದು ಬಂತು ದನಿ. ಅಂಗಡಿಯವರು ಕೈಯಲ್ಲಿದ್ದ ಲೆಕ್ಕದ ಪುಸ್ತಕ ಕೆಳಗಿಟ್ಟರು. ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡು, “ಇದನ್ನೇ ಕಟ್ಟಿಸವ್ವಾ” ಎಂದರು.

ಈಗ ಮಾವನವರ ಡಗ್ಗಾ ಹೊಸ ಮುಚ್ಚಿಗೆ ಹೊದ್ದು ಹೊಸ ತಬಲಾದ ಪಕ್ಕದಲ್ಲಿ ಕೂತಿದೆ. ಸೀಳಿದ ಮರವನ್ನು ಅತ್ತೆಯವರು ಒಲೆಗೆ ಹಾಕಲು ಬಿಡಲಿಲ್ಲ. ಅದರಲ್ಲಿ ತಾಳಗಳನ್ನು ಇಡುತ್ತಾರೆ. ಆದರೆ ಸೋಮವಾರ ಮಾತ್ರ ಅವರ ಕೈಯಲ್ಲಿ ತಾಳವಿಲ್ಲ. ಮುಂದಿನ ಸಾಲಿನಲ್ಲಿ ಕೂತು ಹಾಡುತ್ತಾರೆ.

ಸೋದರಿಯರೇ, ನಿಮ್ಮ ಮನೆಯಲ್ಲೂ ‘ದನಿ ಹೋತು’ ಎಂದು ಹಿಂದೆ ಸರಿದು ಕೂತವರು ಇದ್ದಾರೆಯೇ? ಶ್ರುತಿ ಒಂದಿಷ್ಟು ಇಳಿಸಿ ನೋಡಿ.